ಅಮೆರಿಕದ ವಲಸೆ ವಿಷಯದಲ್ಲಿ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷದವರು ಬೇರೆ ಬೇರೆ ಅಂಕಿ ಹೇಳುತ್ತಾರೆ. ಯಾವ ಚಾನೆಲ್ ನಂಬಬೇಕು?

ಡಲ್ಲಾಸ್‌ನಲ್ಲಿರುವ ಅಕ್ಕ–ಭಾವ ಎಚ್‌-1ಬಿ ವೀಸಾ (ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ತಾತ್ಕಾಲಿಕ ವೀಸಾ) ಮೇಲಿದ್ದಾರೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಫಾಕ್ಸ್ ನ್ಯೂಸ್ ತುಣುಕು ಹಾಕಿದರೆ ಅವರ ಮಗ ಸಿಎನ್‌ಎನ್ ತುಣುಕು ಹಾಕುತ್ತಾನೆ, ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ಚಾನೆಲ್ ಆರಿಸುವ ಕೆಲಸವನ್ನೇ ಕೈಬಿಡಿ ಎನ್ನುತ್ತೇನೆ. ಒಂದೊಂದು ಹೇಳಿಕೆ ಬಂದಾಗಲೂ ಮೂರು ಪ್ರಶ್ನೆ ಹಾಕಿ: ಇಲ್ಲಿ ಎಣಿಸಿರುವುದು ಏನನ್ನು? ವಿಷಯ ಯಾವ ಹಂತದಲ್ಲಿದೆ? ಮೂಲ ಕಾಗದ ಎಲ್ಲಿದೆ? ಈ ಜಗಳಗಳಲ್ಲಿ ಶುದ್ಧ ಸುಳ್ಳು ಇರುವುದು ಕಡಿಮೆ. ಬೇರೆ ಬೇರೆ ಸಂಗತಿಗಳನ್ನು ಎಣಿಸಿ ಎಲ್ಲಕ್ಕೂ ಒಂದೇ ಹೆಸರಿಟ್ಟು ಕರೆಯುವುದೇ ಹೆಚ್ಚು.

ನಿಮ್ಮ ಮನೆಗೆ ನೇರವಾಗಿ ತಟ್ಟಿದ ಪ್ರಕರಣದಿಂದಲೇ ಶುರುಮಾಡೋಣ. 2025ರ ಸೆಪ್ಟೆಂಬರ್ 19, ಶುಕ್ರವಾರ, ಅಧ್ಯಕ್ಷ ಟ್ರಂಪ್ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು. ಸಹಿಯ ವೇಳೆ ಪಕ್ಕದಲ್ಲಿದ್ದ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲಟ್ನಿಕ್ ಅದು ಪ್ರತಿ ವರ್ಷ ಕಟ್ಟಬೇಕಾದ ಶುಲ್ಕ ಎಂದರು. ಚಾನೆಲ್‌ಗಳು ಅದನ್ನೇ ಬಿತ್ತರಿಸಿದವು. ಜಾರಿಯ ಸಮಯ ಭಾನುವಾರ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 12:01, ಅಂದರೆ ನಮ್ಮಲ್ಲಿ ಬೆಳಿಗ್ಗೆ 9:31. ರಜೆಗೆ ಊರಿಗೆ ಬಂದಿದ್ದವರು ಗಾಬರಿಯಾಗಿ ಸಿಕ್ಕ ವಿಮಾನಕ್ಕೆ ಟಿಕೆಟ್ ಹುಡುಕಿದರು. ಶನಿವಾರ ಶ್ವೇತಭವನದ ವಕ್ತಾರೆ ಕ್ಯಾರೊಲಿನ್ ಲೆವಿಟ್, ಇದು ಒಂದೇ ಸಲದ ಶುಲ್ಕ, ಹೊಸ ವೀಸಾಕ್ಕೆ ಮಾತ್ರ, ನವೀಕರಣಕ್ಕಿಲ್ಲ, ಈಗಾಗಲೇ ವೀಸಾ ಇರುವವರು ಹೋಗಿಬರಬಹುದು ಎಂದರು. ಅಂದೇ ವಲಸೆ ಸೇವಾ ಇಲಾಖೆ ಯುಎಸ್‌ಸಿಐಎಸ್ ಕೂಡ ಇನ್ನೂ ಸಲ್ಲಿಸದ ಅರ್ಜಿಗಳಿಗಷ್ಟೇ ಇದು ಅನ್ವಯ ಎಂದು ಲಿಖಿತ ಸೂಚನೆ ಹೊರಡಿಸಿತು. ಅಕ್ಟೋಬರ್ 20ರ ಮಾರ್ಗಸೂಚಿಯಲ್ಲಿ ಮತ್ತೊಂದು ಗಂಟು ಬಿಚ್ಚಿತು: ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್‌-1ಬಿಗೆ ಬದಲಾಗುವವರಿಗೆ, ಆ ಬದಲಾವಣೆ ಮಂಜೂರಾದರೆ, ಶುಲ್ಕವಿಲ್ಲ.

ಹಾಗಾದರೆ ಶುಕ್ರವಾರದ ಸುದ್ದಿ ಸುಳ್ಳೇ? ಪೂರ್ತಿ ಸುಳ್ಳಲ್ಲ. ಘೋಷಣೆಯ ಪಠ್ಯದಲ್ಲಿ ‘ಪ್ರತಿ ವರ್ಷ’ ಎಂಬ ಮಾತು ಎಲ್ಲೂ ಇರಲಿಲ್ಲ, ಅದನ್ನು ಓದಿದ್ದರೆ ಆ ತಪ್ಪು ತಪ್ಪುತ್ತಿತ್ತು. ಆದರೆ ಆ ಪಠ್ಯ ನಿರ್ಬಂಧಿಸಿದ್ದು ‘ಪ್ರವೇಶ’ವನ್ನು. ಹೊರಗಿರುವ ಹಳೆಯ ವೀಸಾದಾರರಿಗೆ ತೊಂದರೆಯಿಲ್ಲ ಎಂದು ಅದು ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ‘ಈಗಲೇ ವಾಪಸ್ ಬನ್ನಿ’ ಎಂದ ವಕೀಲರ ಎಚ್ಚರಿಕೆಗೆ ಆ ರಾತ್ರಿ ಆಧಾರವಿತ್ತು. ಇದರಿಂದ ನಂಬಿಕೆಯ ಒಂದು ಮೆಟ್ಟಿಲಸಾಲು ಸಿಗುತ್ತದೆ. ಎಲ್ಲಕ್ಕಿಂತ ಮೇಲೆ ಸಹಿಯಾದ ಪಠ್ಯ. ಅದರ ಕೆಳಗೆ ಜಾರಿಗೊಳಿಸುವ ಇಲಾಖೆಯ ಲಿಖಿತ ಸೂಚನೆ. ಆಮೇಲೆ ವಕ್ತಾರರ ಹೇಳಿಕೆ, ಅದಕ್ಕೂ ಕೆಳಗೆ ಸಮಾರಂಭದಲ್ಲಿ ಅಧಿಕಾರಿ ಬಾಯಿಮಾತಲ್ಲಿ ಹೇಳಿದ್ದು, ಕೊನೆಗೆ ಚಾನೆಲ್‌ನ ಚರ್ಚೆ. ಅಧ್ಯಕ್ಷರ ಘೋಷಣೆ ಮತ್ತು ಆದೇಶಗಳ ಪೂರ್ಣ ಪಠ್ಯ ಶ್ವೇತಭವನದ ಜಾಲತಾಣದಲ್ಲೂ ಕೆಲವು ದಿನಗಳಲ್ಲಿ ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲೂ ಉಚಿತವಾಗಿ ಸಿಗುತ್ತದೆ. ತೆರೆದ ಕೂಡಲೇ ಜಾರಿಯ ದಿನಾಂಕ, ಅವಧಿ, ವಿನಾಯಿತಿ, ಈ ಮೂರನ್ನು ಹುಡುಕಿ. ಈ ಘೋಷಣೆಯ ಅವಧಿ ವಿಸ್ತರಿಸದಿದ್ದರೆ 12 ತಿಂಗಳು ಎಂದು ಅದರಲ್ಲೇ ಬರೆದಿತ್ತು. ತುಣುಕುಗಳಲ್ಲಿ ಇದು ಕಂಡದ್ದು ಅಪರೂಪ.

ಎಚ್‌-1ಬಿ ಬಗ್ಗೆಯೇ ಇನ್ನೊಂದು ಜಗಳ. ‘ವರ್ಷಕ್ಕೆ 4 ಲಕ್ಷ ವಿದೇಶಿಯರನ್ನು ತರುತ್ತಾರೆ’ ಎನ್ನುವವರೂ ಇದ್ದಾರೆ, ‘ವರ್ಷಕ್ಕೆ 85,000 ಮಾತ್ರ’ ಎನ್ನುವವರೂ ಇದ್ದಾರೆ. ಎರಡೂ ಅಂಕಿ ಸರ್ಕಾರಿ ದಾಖಲೆಯವೇ. ಲಾಟರಿ ಎತ್ತಿ ಹಂಚುವ ಹೊಸ ವೀಸಾಗಳ ವಾರ್ಷಿಕ ಮಿತಿ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000. ಸುಮಾರು 4 ಲಕ್ಷ ಎಂಬುದು 2024ರ ಆರ್ಥಿಕ ವರ್ಷದಲ್ಲಿ ಮಂಜೂರಾದ ಒಟ್ಟು ಅರ್ಜಿಗಳು. ಅದರಲ್ಲಿ ಬಹುಪಾಲು ನವೀಕರಣ ಮತ್ತು ಕಂಪನಿ ಬದಲಾವಣೆಯವು, ಅಂದರೆ ಅಲ್ಲೇ ಇರುವ ನಿಮ್ಮ ಭಾವನಂಥವರು. ವಿಶ್ವವಿದ್ಯಾಲಯಗಳಿಗೆ ಆ ಮಿತಿಯೇ ಇಲ್ಲ, ಆದ್ದರಿಂದ ಹೊಸಬರು 85,000ಕ್ಕಿಂತ ಹೆಚ್ಚಿರುತ್ತಾರೆ. ಇದಕ್ಕಿಂತ ಕೆಟ್ಟದಾಗಿ ದಾರಿ ತಪ್ಪಿಸುವುದು ಕಾರ್ಮಿಕ ಇಲಾಖೆಯ ಎಲ್‌ಸಿಎ ಪಟ್ಟಿ. ಎಚ್‌-1ಬಿ ಅರ್ಜಿಗೆ ಮೊದಲು ಕಂಪನಿ ಸಲ್ಲಿಸುವ ವೇತನದ ಪ್ರಮಾಣಪತ್ರ ಅದು. ಒಂದೇ ಪತ್ರದಲ್ಲಿ ಹಲವು ಹುದ್ದೆ ತೋರಿಸಬಹುದು, ತೋರಿಸಿದ ಹುದ್ದೆ ಭರ್ತಿಯಾಗದೆಯೂ ಉಳಿಯಬಹುದು. ಆ ಸಂಖ್ಯೆಯನ್ನು ‘ಈ ಕಂಪನಿ ಇಷ್ಟು ವೀಸಾ ಪಡೆಯಿತು’ ಎಂದು ಹಾಕಿದ್ದರೆ ಆ ಪೋಸ್ಟನ್ನು ಅಲ್ಲಿಗೇ ಬಿಡಿ.

ಇನ್ನು ದಕ್ಷಿಣ ಗಡಿ. ‘ಒಂದೇ ವರ್ಷದಲ್ಲಿ 25 ಲಕ್ಷ ಅಕ್ರಮ ವಲಸಿಗರು ನುಗ್ಗಿದರು’ ಎಂಬ ಮಾತಿನ ಮೂಲ, 2023ರ ಆರ್ಥಿಕ ವರ್ಷದ ಸುಮಾರು 24.8 ಲಕ್ಷ ಎಂಬ ಅಂಕಿ. ಅಮೆರಿಕದ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಇದನ್ನು ಮರೆತು ಎರಡು ಕಡೆಯ ಅಂಕಿ ಹೋಲಿಸಿದರೆ ಮೂರು ತಿಂಗಳ ವ್ಯತ್ಯಾಸ ಬರುತ್ತದೆ. ಆ 24.8 ಲಕ್ಷ ಗಡಿ ಅಧಿಕಾರಿಗಳು ಎದುರುಗೊಂಡ ಸಲಗಳ ಲೆಕ್ಕ, ತಲೆ ಲೆಕ್ಕವಲ್ಲ. ಒಬ್ಬನೇ ಮೂರು ಸಲ ಸಿಕ್ಕಿಬಿದ್ದರೆ ಮೂರು. ಅಧಿಕೃತ ದ್ವಾರದಲ್ಲಿ ಬಂದು ನಿಂತವರೂ ಇದರಲ್ಲಿದ್ದಾರೆ, ಅಲ್ಲಿಂದಲೇ ವಾಪಸ್ ಕಳಿಸಿದವರೂ ಇದ್ದಾರೆ. 2020ರ ಮಾರ್ಚ್‌ನಿಂದ 2023ರ ಮೇ 11ರವರೆಗೆ ‘ಟೈಟಲ್ 42’ ಎಂಬ ಸಾಂಕ್ರಾಮಿಕ ಕಾಲದ ನಿಯಮವಿತ್ತು. ಅದರಡಿ ಸಿಕ್ಕವರನ್ನು ಪ್ರಕರಣ ದಾಖಲಿಸದೆ ತಕ್ಷಣ ಮೆಕ್ಸಿಕೊಗೆ ಅಟ್ಟುತ್ತಿದ್ದರು. ಶಿಕ್ಷೆಯ ಭಯವಿಲ್ಲದ್ದರಿಂದ ಅವರು ಮರುದಿನವೇ ಮತ್ತೆ ಪ್ರಯತ್ನಿಸುತ್ತಿದ್ದರು. 2019ರಲ್ಲಿ ಶೇ 7ರಷ್ಟಿದ್ದ ಮರುಪ್ರಯತ್ನ 2021ರಲ್ಲಿ ಶೇ 27ಕ್ಕೆ ಏರಿದ್ದು ಈ ಕಾರಣಕ್ಕೆ. ಹಾಗೆಂದು ಆ ವರ್ಷಗಳಲ್ಲಿ ಗಡಿಯಲ್ಲಿ ಏನೂ ಆಗಲಿಲ್ಲ ಎನ್ನುವುದು ಅಷ್ಟೇ ತಪ್ಪು. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ದ್ವಾರಗಳ ನಡುವೆ ದಾಟಿ ಸಿಕ್ಕಿಬಿದ್ದ ಪ್ರಕರಣಗಳು ಸುಮಾರು 2.5 ಲಕ್ಷ. ಅಷ್ಟು ಹಿಂದೆಂದೂ ದಾಖಲಾಗಿರಲಿಲ್ಲ.

ಅಲ್ಲಿಂದ ಇಳಿದದ್ದು ಯಾರಿಂದ ಎಂಬುದು ಮುಂದಿನ ಜಗಳ. ತಿಂಗಳುವಾರು ಪಟ್ಟಿ ಎದುರಿಗಿಟ್ಟುಕೊಂಡರೆ ಅದು ಅರ್ಧಕ್ಕರ್ಧ ತಣ್ಣಗಾಗುತ್ತದೆ. 2023ರ ಡಿಸೆಂಬರ್‌ನಲ್ಲಿ 2.5 ಲಕ್ಷವಿದ್ದದ್ದು 2024ರ ಡಿಸೆಂಬರ್‌ಗೆ ಸುಮಾರು 47,000ಕ್ಕೆ ಬಂದಿತ್ತು. ಮೆಕ್ಸಿಕೊ ತನ್ನೊಳಗೇ ತಡೆ ಹೆಚ್ಚಿಸಿತ್ತು, 2024ರ ಜೂನ್‌ನಲ್ಲಿ ಬೈಡನ್ ಆಶ್ರಯ ಕೋರಿಕೆಗೆ ಕಡಿವಾಣ ಹಾಕಿದ್ದರು. ಟ್ರಂಪ್ ಬಂದ ಮೇಲೆ 2025ರ ಫೆಬ್ರುವರಿಯಿಂದ ಅದು ತಿಂಗಳಿಗೆ 10,000ದ ಆಸುಪಾಸಿಗೆ ಅಥವಾ ಅದಕ್ಕೂ ಕೆಳಕ್ಕೆ ಕುಸಿಯಿತು. ಒಬ್ಬರು ಮೊದಲ ಇಳಿಕೆಯನ್ನು ಮುಚ್ಚಿಡುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಗಡಿ ಇಲಾಖೆ ಸಿಬಿಪಿಯ ತಾಣದಲ್ಲಿ ಈ ಪಟ್ಟಿ ಇದೆ. ನೋಡುವಾಗ ‘ಗಡಿ ಗಸ್ತು’ ಮತ್ತು ‘ಅಧಿಕೃತ ದ್ವಾರ’ ಎರಡನ್ನೂ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ನುಂಗುತ್ತದೆ.

ಗಡಿಪಾರಿನ ಅಂಕಿಗೂ ಇದೇ ಗತಿ. ಆದೇಶವಾಗಿ ದೇಶದಿಂದ ಕಳಿಸಿದವರು, ಆದೇಶವಿಲ್ಲದೆ ಹಿಂದಿರುಗಿಸಿದವರು, ಟೈಟಲ್ 42ರಡಿ ಅಟ್ಟಿದವರು ಮೂರು ಬೇರೆ ಲೆಕ್ಕ. ತಮಗೆ ತಾವೇ ಹೊರಟುಹೋದವರ ಸಂಖ್ಯೆಯನ್ನು ಇದಕ್ಕೆ ಸೇರಿಸಿದ್ದರೆ ಇನ್ನೂ ಜಾಗರೂಕರಾಗಿರಿ. ನಮ್ಮ ವಿಮಾನ ನಿಲ್ದಾಣಗಳಲ್ಲಿರುವಂತೆ ಹೊರಹೋಗುವಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕೌಂಟರ್ ಅಲ್ಲಿಲ್ಲ. ಆದ್ದರಿಂದ ಆ ಸಂಖ್ಯೆಯ ಬಹುಭಾಗ ಸಮೀಕ್ಷೆಗಳಿಂದ ತೆಗೆದ ಅಂದಾಜು, ಹೆದರಿದ ಜನ ಸಮೀಕ್ಷೆಗೆ ಬಾಗಿಲು ತೆರೆಯದಿದ್ದರೂ ಅವರು ‘ಹೊರಟುಹೋದವರ’ ಸಾಲಿಗೇ ಬೀಳುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಹಬ್ಬಿದ ‘ಬೈಡನ್ 13,000 ಕೊಲೆಗಡುಕರನ್ನು ಒಳಬಿಟ್ಟರು’ ಎಂಬ ಮಾತನ್ನು ಈ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡಿ. ಮೂಲ ಕಾಗದ, ವಲಸೆ ಜಾರಿ ಸಂಸ್ಥೆ ಐಸಿಇ ಒಬ್ಬ ಸಂಸದರಿಗೆ ಬರೆದ ಪತ್ರ. ಅದರಲ್ಲಿ ಕೊಲೆ ಅಪರಾಧ ಸಾಬೀತಾದ, ‘ಬಂಧನದಲ್ಲಿಲ್ಲದ’ 13,099 ಜನರ ಉಲ್ಲೇಖ ನಿಜಕ್ಕೂ ಇತ್ತು. ಆದರೆ ‘ಬಂಧನದಲ್ಲಿಲ್ಲದ’ ಅಂದರೆ ಐಸಿಇಯ ಬಂಧನದಲ್ಲಿಲ್ಲ ಎಂದಷ್ಟೇ. ರಾಜ್ಯದ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವವರೂ ಅದರಲ್ಲಿದ್ದರು, ಹಲವು ದಶಕಗಳ ಹಿಂದೆ ಬಂದವರೂ ಇದ್ದರು. ಸಂಖ್ಯೆ ಸರಿ, ವಾಕ್ಯ ತಪ್ಪು. ಇನ್ನೊಂದು ಪಕ್ಷದವರು ‘ಅಕ್ರಮ ವಾಸ ಅಪರಾಧವೇ ಅಲ್ಲ’ ಎಂದಾಗಲೂ ಅರ್ಧ ಸತ್ಯವೇ: ವೀಸಾ ಅವಧಿ ಮೀರಿ ಉಳಿಯುವುದು ಸಿವಿಲ್ ಉಲ್ಲಂಘನೆ, ಗಡಿ ತಪ್ಪಿಸಿ ನುಸುಳುವುದು ಮೊದಲ ಸಲವೇ 6 ತಿಂಗಳವರೆಗೆ ಜೈಲಾಗಬಹುದಾದ ಅಪರಾಧ.

ಹಂತದ ಪ್ರಶ್ನೆ ಮಸೂದೆಗಳಲ್ಲೂ ಕೋರ್ಟುಗಳಲ್ಲೂ ಮುಖ್ಯ. 2023ರ ಮೇನಲ್ಲಿ ಸಂಸತ್ತಿನ ಕೆಳಮನೆ ಹೌಸ್ 219–213 ಮತಗಳಿಂದ ಒಪ್ಪಿದ ಗಡಿ ಮಸೂದೆ ಎಚ್‌.ಆರ್. 2 ಕಾನೂನಾಗಲೇ ಇಲ್ಲ, ಮೇಲ್ಮನೆ ಸೆನೆಟ್ ಅದನ್ನು ಎತ್ತಿಕೊಳ್ಳಲಿಲ್ಲ. 2013ರಲ್ಲಿ ಸೆನೆಟ್ 68–32ರಿಂದ ಒಪ್ಪಿದ ಸಮಗ್ರ ಸುಧಾರಣೆಯನ್ನು ಹೌಸ್ ಮುಟ್ಟಲಿಲ್ಲ. ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲಿಕ್ಕೇ ಸಾಮಾನ್ಯವಾಗಿ 100ರಲ್ಲಿ 60 ಮತ ಬೇಕು, ಬಹುಮತ ಸಾಲದು. 2024ರ ಫೆಬ್ರುವರಿಯಲ್ಲಿ ಎರಡೂ ಪಕ್ಷದವರು ಸೇರಿ ಬರೆದ ಗಡಿ ಮಸೂದೆ 49–50ರಲ್ಲಿ ಬಿದ್ದದ್ದು ಈ ಹಂತದಲ್ಲೇ. ‘ದಿನಕ್ಕೆ 5,000 ಅಕ್ರಮ ವಲಸಿಗರಿಗೆ ಅನುಮತಿ ಕೊಡುವ ಮಸೂದೆ’ ಎಂದು ಅದನ್ನು ಹಳಿದರು. ಪಠ್ಯದಲ್ಲಿದ್ದದ್ದು ಇಷ್ಟು: ಏಳು ದಿನಗಳ ಸರಾಸರಿ 4,000 ಮುಟ್ಟಿದರೆ ಸರ್ಕಾರ ತುರ್ತು ಅಧಿಕಾರ ಬಳಸಿ ಆಶ್ರಯ ಕೋರಿಕೆ ನಿಲ್ಲಿಸಬಹುದು, 5,000 ಮುಟ್ಟಿದರೆ ನಿಲ್ಲಿಸಲೇಬೇಕು, ಒಂದೇ ದಿನ 8,500 ಆದರೂ ನಿಲ್ಲಿಸಲೇಬೇಕು. ಆ ಸಂಖ್ಯೆಗಿಂತ ಕಡಿಮೆ ಬಂದವರಿಗೆ ಮಾಮೂಲಿ ವಿಚಾರಣೆ ಇದ್ದೇ ಇತ್ತು. ಆ ಮಿತಿಗಳು ಹೆಚ್ಚಾದವು ಎಂದು ವಾದಿಸುವುದು ನ್ಯಾಯ, ಅದನ್ನು ಅನುಮತಿ ಎನ್ನುವುದು ತಪ್ಪು. ಅಮೆರಿಕ ಸಂಸತ್ತಿನ ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಮಸೂದೆಯ ಸಂಖ್ಯೆ ಕೊಟ್ಟರೆ ಪಠ್ಯವೂ ಅದು ಯಾವ ಹಂತದಲ್ಲಿ ನಿಂತಿದೆ ಎಂಬುದೂ ಸಿಗುತ್ತದೆ.

ಕೋರ್ಟಿನ ಉದಾಹರಣೆ ಅಕ್ಕ–ಭಾವನಿಗೆ ಬೇಕಾದದ್ದು. 2025ರ ಜನವರಿ 20ರ ಆದೇಶ ಸಂಖ್ಯೆ 14160, ತಾಯಿ ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪೌರನೂ ಗ್ರೀನ್ ಕಾರ್ಡ್‌ದಾರನೂ ಅಲ್ಲದಿದ್ದರೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎನ್ನುತ್ತದೆ. ಜೂನ್ 27ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ತೀರ್ಪು ಕೊಟ್ಟಾಗ ‘ಜನ್ಮಸಿದ್ಧ ಪೌರತ್ವ ರದ್ದಿಗೆ ಅಸ್ತು’ ಎಂಬರ್ಥದ ಫಾರ್ವರ್ಡ್‌ಗಳು ಓಡಾಡಿದವು. ಕೋರ್ಟು ತೀರ್ಮಾನಿಸಿದ್ದು ಕೆಳಗಿನ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡಬಹುದೇ ಎಂಬುದನ್ನು. ಆದೇಶ ಸಂವಿಧಾನಬದ್ಧವೇ ಎಂಬುದನ್ನು ಅಂದು ಮುಟ್ಟಲಿಲ್ಲ. ಜುಲೈ 10ಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಫೆಡರಲ್ ಕೋರ್ಟು ಮಕ್ಕಳನ್ನು ಒಂದು ವರ್ಗವಾಗಿ ಪರಿಗಣಿಸಿ ಮತ್ತೆ ತಡೆ ಕೊಟ್ಟಿತು, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು. ಇಂಥ ಸುದ್ದಿ ಬಂದಾಗ ತೀರ್ಪಿನ ಮೊದಲ ಪುಟಗಳ ಸಾರಾಂಶವನ್ನಾದರೂ ಓದಿ, ಸುಪ್ರೀಂ ಕೋರ್ಟಿನ ತಾಣದಲ್ಲಿ ಅದು ಉಚಿತ. ಕೆಳಗಿನ ಕೋರ್ಟುಗಳ ಕಾಗದ ಪೇಸರ್ ತಾಣದಲ್ಲಿ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಇಲ್ಲ. ಕೋರ್ಟ್‌ಲಿಸನರ್ ತಾಣದಲ್ಲಿ ಬಹಳಷ್ಟು ದಾಖಲೆ ಹಣವಿಲ್ಲದೆ ಸಿಗುತ್ತವೆ.

ಚಿತ್ರಗಳ ವಿಷಯದಲ್ಲಿ ಎರಡೂ ಕಡೆಯವರು ಎಡವಿದ್ದಾರೆ. 2018ರ ಮೇನಲ್ಲಿ ಟ್ರಂಪ್ ಕಾಲದ್ದೆಂದು ಹಂಚಿಕೊಂಡ, ಬೇಲಿಯೊಳಗೆ ಮಲಗಿದ ಮಕ್ಕಳ ಚಿತ್ರಗಳು 2014ರವು, ಒಬಾಮಾ ಕಾಲದವು. 2021ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಡೆಲ್ ರಿಯೊದಲ್ಲಿ ಕುದುರೆ ಮೇಲಿನ ಅಧಿಕಾರಿಗಳು ಹೈಟಿಯವರಿಗೆ ಚಾಟಿಯಲ್ಲಿ ಹೊಡೆದರು ಎಂದರು. ಮುಂದಿನ ವರ್ಷದ ತನಿಖೆ ಲಗಾಮಿನಿಂದ ಯಾರಿಗೂ ಹೊಡೆದ ಪುರಾವೆಯಿಲ್ಲ ಎಂದಿತು, ಅನಗತ್ಯ ಬಲಪ್ರಯೋಗ ಆಗಿತ್ತು ಎಂದೂ ಹೇಳಿತು. ಈ ಎರಡನೇ ಭಾಗವನ್ನು ಬಿಟ್ಟು ಓದುವವರೂ ಇದ್ದಾರೆ.

ಮಾಧ್ಯಮದ ಮೇಲಿನ ನಂಬಿಕೆ ಹೇಗೆ ಕುಸಿದಿದೆ ಎಂದರೆ, 1976ರಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 72 ಜನ ನಂಬುತ್ತೇವೆ ಎಂದಿದ್ದರು, 2025ರಲ್ಲಿ ಶೇ 28. ಡೆಮಾಕ್ರಟರಲ್ಲಿ ಶೇ 51, ರಿಪಬ್ಲಿಕನ್ನರಲ್ಲಿ ಶೇ 8. ಈ ಅಂತರ ನನಗೆ ನಿಜವಾಗಿ ಆತಂಕ ತರುತ್ತದೆ, ಯಾಕೆಂದರೆ ಅಪನಂಬಿಕೆ ಇರುವವರು ಸುದ್ದಿ ಬಿಡುವುದಿಲ್ಲ, ತಿದ್ದುಪಡಿಯ ಪದ್ಧತಿಯೇ ಇಲ್ಲದ ಮೂಲಗಳ ಕಡೆ ಹೋಗುತ್ತಾರೆ. ಸುದ್ದಿ ವಿಭಾಗ ಮತ್ತು ರಾತ್ರಿಯ ಅಭಿಪ್ರಾಯ ಕಾರ್ಯಕ್ರಮವನ್ನು ಬೇರೆ ಬೇರೆಯಾಗಿ ತೂಗಿ. 2020ರ ಚುನಾವಣೆಯ ಮತಯಂತ್ರಗಳ ಬಗ್ಗೆ ಪ್ರಸಾರವಾದ ಸುಳ್ಳು ಆರೋಪಗಳಿಗಾಗಿ ಫಾಕ್ಸ್ 2023ರ ಏಪ್ರಿಲ್‌ನಲ್ಲಿ ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ನಿರೂಪಕರೊಬ್ಬರು ಟ್ರಂಪ್ ವಿರುದ್ಧದ ಸಿವಿಲ್ ತೀರ್ಪನ್ನು ತಪ್ಪಾಗಿ ಹೇಳಿದ್ದಕ್ಕೆ ಎಬಿಸಿ 2024ರ ಡಿಸೆಂಬರ್‌ನಲ್ಲಿ 1.5 ಕೋಟಿ ಡಾಲರ್‌ಗೆ ರಾಜಿಯಾಯಿತು. ದಿನನಿತ್ಯಕ್ಕೆ ಎಪಿ, ರಾಯಿಟರ್ಸ್ ಸುದ್ದಿಸಂಸ್ಥೆಗಳ ವರದಿ ಸಾಕು, ಎರಡೂ ಒಲವಿನ ಮಾಧ್ಯಮಗಳಿಗೆ ಸುದ್ದಿ ಮಾರಬೇಕಾದ್ದರಿಂದ ಅವು ವಿಶೇಷಣ ಕಡಿಮೆ ಬಳಸುತ್ತವೆ. ‘ಏಲಿಯನ್’ (ಅನ್ಯದೇಶೀಯ), ‘ದಾಖಲೆರಹಿತ’ ಎಂಬ ಪದಗಳ ಆಯ್ಕೆ ಬರೆದವರ ಒಲವನ್ನು ತೋರಿಸಬಹುದು, ಅಂಕಿ ಸರಿಯೋ ತಪ್ಪೋ ಎಂಬುದನ್ನು ತೋರಿಸದು.

ಗುಂಪಿನಲ್ಲಿ ಚಿಕ್ಕಪ್ಪನಿಗಾಗಲಿ ಅವರ ಮಗನಿಗಾಗಲಿ ‘ಇದು ಸುಳ್ಳು’ ಎಂದು ಬರೆಯಬೇಡಿ. ‘ಚಿಕ್ಕಪ್ಪ, ಇದು ಎಷ್ಟು ಜನವೋ ಎಷ್ಟು ಸಲವೋ? ಯಾವ ತಿಂಗಳದ್ದು?’ ಎಂದು ಕೇಳಿ, ಜೊತೆಗೆ ಮೂಲ ಪಟ್ಟಿಯ ಕೊಂಡಿ ಹಾಕಿ. ಅಕ್ಕನಿಗೆ ಮಾತ್ರ ಬೇರೆ ಮಾತು ಹೇಳಿ: ಯುಎಸ್‌ಸಿಐಎಸ್‌ನ ಎಚ್‌-1ಬಿ ಪುಟ ಮತ್ತು ಗ್ರೀನ್ ಕಾರ್ಡ್ ಸರದಿಗೆ ವಿದೇಶಾಂಗ ಇಲಾಖೆಯ ಮಾಸಿಕ ವೀಸಾ ಬುಲೆಟಿನ್, ಇವೆರಡನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಲಿ. ಊರಿಗೆ ಬರಲು ಟಿಕೆಟ್ ತೆಗೆಯುವ ವಾರ, ಮತ್ತು ವಾಪಸ್ ಹೊರಡುವ ಹಿಂದಿನ ದಿನ, ಎರಡನ್ನೂ ತೆರೆದು ನೋಡಲಿ. ಅನುಮಾನ ಬಂದರೆ ಕಂಪನಿಯ ವಲಸೆ ವಕೀಲರಿಂದ ಇಮೇಲ್‌ನಲ್ಲಿ ಉತ್ತರ ಪಡೆದು ಪಾಸ್‌ಪೋರ್ಟ್ ಜೊತೆ ಮುದ್ರಿಸಿ ಇಟ್ಟುಕೊಳ್ಳಲಿ.