ಓದುಗರ ಪ್ರಶ್ನೆ: ಡಿಸ್ಕು, ದುಡಿಮೆ, ದೂಳು

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೇನೆ. ಹಾರ್ಡ್ ಡಿಸ್ಕ್ ಕಂಪನಿ ಸೀಗೇಟ್ ಕಟ್ಟಿದವರೂ ಮೊದಲು ರಿಪೇರಿಯವರೇ ಅಂತೆ, ನಿಜವೇ? ಡೇಟಾ ರಿಕವರಿಯನ್ನೇ ಕಸುಬು ಮಾಡಿಕೊಳ್ಳಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?
– ಓದುಗರು, ರಾಯಚೂರು

ಉತ್ತರ: ನಿಜ. ಸೀಗೇಟ್ ಕಟ್ಟಿದವರಲ್ಲೊಬ್ಬರಾದ ಅಲನ್ ಶುಗಾರ್ಟ್ 1951ರಲ್ಲಿ ಪದವಿ ಮುಗಿಸಿ ಐಬಿಎಂ ಸೇರಿದ್ದು ಗ್ರಾಹಕರಿದ್ದಲ್ಲಿಗೇ ಹೋಗಿ ಯಂತ್ರ ಸರಿಪಡಿಸುವ ಕೆಲಸಕ್ಕೆ. ಆಮೇಲೆ ಸ್ಯಾನ್ ಹೋಸೆಯ ಪ್ರಯೋಗಾಲಯ. ಮೊದಲ ಹಾರ್ಡ್ ಡಿಸ್ಕಿನ ಯಂತ್ರ ರಾಮಾಕ್ 1956ರಲ್ಲಿ ಹೊರಬಿದ್ದದ್ದು ಅಲ್ಲಿಂದಲೇ: 24 ಇಂಚಿನ 50 ತಟ್ಟೆ, ಹಿಡಿಸಿದ್ದು ಬರೀ 50 ಲಕ್ಷ ಅಕ್ಷರ. 1969ರಲ್ಲಿ ಮೆಮೊರೆಕ್ಸ್‌ಗೆ ಹೋದರು, 1973ರಲ್ಲಿ ಸ್ವಂತ ಕಂಪನಿ ಶುಗಾರ್ಟ್ ಅಸೋಸಿಯೇಟ್ಸ್ ತೆರೆದರು. ಅಲ್ಲಿ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಕೆಲಕಾಲ ಬಾರು, ಮೀನಿನ ದೋಣಿ ಅಂತ ಕಳೆದರು. 1979ರಲ್ಲಿ ಫಿನಿಸ್ ಕಾನರ್ ಜೊತೆ ಮತ್ತೆ ಕಟ್ಟಿದ ಕಂಪನಿಯೇ ಸೀಗೇಟ್.

ಅವರ ಬದುಕಿನಲ್ಲಿ ನೀವು ಗಮನಿಸಬೇಕಾದ್ದು 1980ರ ಎಸ್‌ಟಿ-506 ಡಿಸ್ಕನ್ನು. ಹಿಡಿಸುತ್ತಿದ್ದುದು 5 ಎಂಬಿ. ಆದರೆ ಗಾತ್ರ 5.25 ಇಂಚಿನ ಫ್ಲಾಪಿ ಡ್ರೈವಿನಷ್ಟೇ, ಬೇಕಾದ ವೋಲ್ಟೇಜೂ ಅದರದ್ದೇ. ಕಂಪ್ಯೂಟರ್ ಮಾಡುವವರು ಹೊಸ ಪೆಟ್ಟಿಗೆ ಮಾಡಿಸಬೇಕಾಗಲಿಲ್ಲ. ಮಂದಿ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿದ ಕೈಗೆ ಮಾತ್ರ ಹೊಳೆಯುವ ಜಾಣತನ ಇದು ಎಂದೇ ನಮ್ಮ ಅನಿಸಿಕೆ. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಇದರ ತಮ್ಮ, 10 ಎಂಬಿಯ ಎಸ್‌ಟಿ-412 ಕೂತಿತು. ಕೊರತೆಯೂ ಇತ್ತು. ಸ್ಟೆಪ್ಪರ್ ಮೋಟಾರ್ ಹೆಜ್ಜೆ ಎಣಿಸಿ ಹೆಡ್ (ತಟ್ಟೆಯನ್ನು ಓದುವ, ಬರೆಯುವ ತುದಿ) ಸರಿಸುತ್ತಿತ್ತೇ ಹೊರತು ಟ್ರ್ಯಾಕ್, ಅಂದರೆ ಡೇಟಾ ಬರೆದ ಸುತ್ತು, ಅಲ್ಲೇ ಇದೆಯೇ ಎಂದು ನೋಡುತ್ತಿರಲಿಲ್ಲ; ಕಾವಿಗೆ ಲೋಹ ಹಿಗ್ಗಿದರೆ ಓದು ತಪ್ಪುತ್ತಿತ್ತು. (ರಾಯಚೂರಿನ ಮೇ ತಿಂಗಳನ್ನು ಅದು ಹೇಗೆ ತಡೆದೀತು!) ಈಗಿನ ಡಿಸ್ಕು ತಟ್ಟೆಯ ಮೇಲಿನ ಸರ್ವೋ ಗುರುತು ನೋಡಿಕೊಂಡು ಹೆಡ್ ನಿಲ್ಲಿಸುತ್ತದೆ.

ನಿಮ್ಮ ಕಸುಬಿಗೆ ಬರೋಣ. ಡಿಸ್ಕಿನ ಮುಚ್ಚಳ ತೆಗೆಯುವ ಕೆಲಸಕ್ಕೆ ಈಗಲೇ ಕೈಹಾಕಬೇಡಿ. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ, ನಮ್ಮೂರ ದೂಳಿನ ಒಂದು ಕಣ ಸಾಕು. ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಮತ್ತೆ ಮತ್ತೆ ಕರೆಂಟ್ ಕೊಡದೆ ಕ್ಲೀನ್ ಬೆಂಚ್ (ದೂಳಿಲ್ಲದ ಗಾಳಿಯ ಮೇಜು) ಇರುವ ಲ್ಯಾಬಿಗೆ ಕಳಿಸಿ. ತಿರುಗುತ್ತಿದ್ದರೆ ಮೊದಲು ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ (S.M.A.R.T.) ವರದಿ ನೋಡಿ: ಅದರಲ್ಲಿ 05, ಸಿ5 ಸಂಖ್ಯೆಯ ಸಾಲುಗಳ ಎಣಿಕೆ ಏರಿದ್ದರೆ ಸೆಕ್ಟರ್ (ಡೇಟಾ ಬರೆಯುವ ಪುಟ್ಟ ತುಂಡು) ಕೆಟ್ಟಿವೆ, ಸಿ7 ಮಾತ್ರ ಏರಿದ್ದರೆ ಕೇಬಲ್ ಬದಲಿಸಿ ನೋಡಿ. ಸೆಕ್ಟರ್ ಕೆಟ್ಟ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಫೈಲ್ ಪಟ್ಟಿಯನ್ನೇ ತಿದ್ದಿಬಿಡುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇನ್ನೊಂದು ದೊಡ್ಡ ಡಿಸ್ಕಿಗೆ ನಕಲು ತೆಗೆದು, ರಿಕವರಿ ಆ ನಕಲಿನ ಮೇಲೆ ಮಾಡಿ. ಎಲ್ಲಿಯವರೆಗೆ ನಕಲಾಯಿತೆಂದು ಗುರುತಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ಕರೆಂಟ್ ಹೋದರೂ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಸುಟ್ಟು ಬದಲಿಸುವಾಗ ಹಳೆಯದರ ರಾಮ್ ಅಲ್ಲ, ರೋಮ್ ಚಿಪ್ ಹೊಸ ಬೋರ್ಡಿಗೆ ಬೆಸುಗೆ ಆಗಬೇಕು. ಆ ಡಿಸ್ಕಿನ ಹೆಡ್ಡುಗಳ ಹೊಂದಾಣಿಕೆ ಅಂಕಿಗಳು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ.

ಪ್ರಶ್ನೆ: ರೈಸ್ ಮಿಲ್ಲಿನ ಲೆಕ್ಕವಿರುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ್ದರು. ಈಗ ಸದ್ದೇ ಇಲ್ಲ. ಡೇಟಾ ಹೋಯಿತೇ?
– ಓದುಗರು, ಗಂಗಾವತಿ

ಉತ್ತರ: ಬಹುಶಃ ಉಳಿದಿದೆ. 12 ವೋಲ್ಟ್ ಕಡೆ 19 ವೋಲ್ಟ್ ನುಗ್ಗಿದಾಗ ಬೋರ್ಡಿನ ಕಾವಲು ಭಾಗವಾದ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮೆಕ್ಯಾನಿಕ್ ಮೀಟರ್ ಹಚ್ಚಿದಾಗ ಎರಡೂ ದಿಕ್ಕಿಗೆ ಸೊನ್ನೆ ಓಮ್ ಹತ್ತಿರ ತೋರಿದರೆ ಅದನ್ನು ಕಿತ್ತು, ಸರಿಯಾದ 12 ವೋಲ್ಟ್ ಅಡಾಪ್ಟರ್‌ನಲ್ಲಿ ಡೇಟಾ ನಕಲು ಮಾಡಿಕೊಳ್ಳಲಿ. ಕಿತ್ತ ಮೇಲೆ ಕಾವಲಿಲ್ಲ, ಆ ಡಿಸ್ಕನ್ನು ಮುಂದೆ ಬಳಸಬೇಡಿ. ಡಬ್ಬಿ ಬಿಚ್ಚಿ ಡಿಸ್ಕನ್ನು ನೇರ ಕಂಪ್ಯೂಟರಿನ ಸಾಟಾ ಕೇಬಲ್ಲಿಗೆ ಸಿಕ್ಕಿಸಿದರೆ ಕೆಲವು ಮಾದರಿಗಳು ಖಾಲಿ ತೋರುತ್ತವೆ, ಯುಎಸ್‌ಬಿಯನ್ನು ಸಾಟಾಗೆ ಜೋಡಿಸುವ ಡಬ್ಬಿಯ ಸೇತುವೆ ಬೋರ್ಡಿನಲ್ಲೇ ಡೇಟಾ ಗೂಢಲಿಪಿ ಆಗುತ್ತಿರುತ್ತದೆ. ಅದಕ್ಕೇ ಆ ಬೋರ್ಡನ್ನು ಎಸೆಯಬೇಡಿ.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕಕ್ಕೆ 8 ಕ್ಯಾಮೆರಾ, 30 ದಿನದ ರೆಕಾರ್ಡಿಂಗ್. ಎಷ್ಟು ಟಿಬಿ ಬೇಕು?
– ಓದುಗರು, ಬಳ್ಳಾರಿ

ಉತ್ತರ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ. ಎಂಟಕ್ಕೆ 30 ದಿನ ಸುಮಾರು 5.2 ಟಿಬಿ, ಅಂದರೆ 6 ಟಿಬಿ ಡಿಸ್ಕು. ನಿಮ್ಮ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ಅಷ್ಟು ದೊಡ್ಡದನ್ನು ಒಪ್ಪುತ್ತದೆಯೇ ಎಂದು ನೋಡಿಯೇ ಕೊಳ್ಳಿ. ಡೆಸ್ಕ್‌ಟಾಪ್ ಡಿಸ್ಕು ಬೇಡ, 24 ಗಂಟೆ ಬರೆಯಲೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕು ಕೇಳಿ. ಡಿವಿಆರ್ ಅನ್ನು ಇಸ್ತ್ರಿ ಮೇಜಿನ ಬಳಿ ಇಡಬೇಡಿ. ನೂಲಿನ ಎಳೆ ಅದರ ಫ್ಯಾನಿಗೆ ಸುತ್ತಿಕೊಂಡರೆ ಒಳಗಿನ ಕಾವು ಏರುತ್ತದೆ.