ಚೀಟಿ ಇದೆ, ಸಂಬಳ ಇಲ್ಲ

ಪ್ರಶ್ನೆ: ಸಾರ್, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಮೆಷಿನ್ ಆಪರೇಟರ್ ಆಗಿದ್ದೇನೆ. ಮೂರು ಶಿಫ್ಟ್, ಸಂಬಳ 16,500 ರೂಪಾಯಿ. ಆಗಸ್ಟ್‌ನಲ್ಲಿ ನೈಟ್ ಶಿಫ್ಟ್ ಇದ್ದಾಗ ಡೆಂಗಿ ಬಂತು. ಮನೆ ಹತ್ತಿರದ ಕ್ಲಿನಿಕ್‌ಗೆ ಹೋದೆ, 9 ದಿನ ರಜೆ ಆಯಿತು. ಅವರ ಸರ್ಟಿಫಿಕೇಟ್ ಕೊಟ್ಟರೆ ಕಂಪನಿಯವರು ‘ಇದು ನಡೆಯಲ್ಲ’ ಅಂದರು. ಅಷ್ಟೂ ದಿನದ ಸಂಬಳ ಹಿಡಿದರು. ಇದು ಸರೀನಾ?
– ಹೆಸರು ಬೇಡ, ಲಗ್ಗೆರೆ

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಪೀಣ್ಯದಲ್ಲೇ 22 ವರ್ಷ ಹಾಜರಿ ನೋಡುವ ಟೈಮ್ ಆಫೀಸ್‌ನಲ್ಲಿ ಕೂತವನು ನಾನು. ಇಂಥ ಚೀಟಿ ಹಿಡಿದುಕೊಂಡು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ತಪ್ಪು ನಿಮ್ಮದಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲು ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ ಅಂತ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, 124 ರೂಪಾಯಿ ಹಿಡಿದಿರಬೇಕು. ಅದು ನಿಮ್ಮ ಸಂಬಳದ ಶೇ. 0.75. ಕಂಪನಿ ಶೇ. 3.25 ಸೇರಿಸಿ ಕಟ್ಟುತ್ತದೆ. ಕಾಯಿಲೆ ದಿನಗಳ ದುಡ್ಡು ಬರಬೇಕಾದ್ದು ಆ ಇಎಸ್‌ಐನಿಂದ, ಕಂಪನಿಯಿಂದ ಅಲ್ಲ. ಅದಕ್ಕೇ ಸಂಬಳ ಹಿಡಿದಿದ್ದಾರೆ. ಹಿಡಿದವರು ‘ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ’ ಅಂತ ಒಂದು ಮಾತು ಹೇಳಬೇಕಿತ್ತು ಅಲ್ವಾ?

ಇಎಸ್‌ಐ ಸಂಬಳದ ಶೇ. 70 ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ 2 ದಿನಕ್ಕೆ ಇಲ್ಲ. ನಿಮ್ಮ ದಿನಗೂಲಿ 550 ಅಂತ ಹಿಡಿದರೆ ದಿನಕ್ಕೆ 385, 7 ದಿನಕ್ಕೆ 2,695 ರೂಪಾಯಿ. ಆ 2 ದಿನಕ್ಕೆ ನಿಮ್ಮ ಲೆಕ್ಕದಲ್ಲಿರುವ ರಜೆ ಹಾಕಿಕೊಳ್ಳಿ ಅಂತ ಕೇಳಿ. ಉಳಿದ 7 ದಿನಕ್ಕೆ ಸಂಬಳದ ರಜೆ ಹಾಕಿಸಬೇಡಿ, ಒಂದೇ ದಿನಕ್ಕೆ ಎರಡೂ ಕಡೆ ದುಡ್ಡು ಸಿಗುವುದಿಲ್ಲ. ಆಗಸ್ಟ್ ಕಾಯಿಲೆಗೆ ಅದರ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 78 ದಿನದ ಕಂತು ಕಟ್ಟಿರಬೇಕು. ನಿಮಗೆ ಆ ಚಿಂತೆ ಇಲ್ಲ.

ತೊಡಕು ಇರುವುದು ಸರ್ಟಿಫಿಕೇಟಿನಲ್ಲಿ. ಇಎಸ್‌ಐ ಕೇಳುವುದು ಅದರ ಡಾಕ್ಟರ್ ಬರೆದ ಸರ್ಟಿಫಿಕೇಟ್. ಹೊರಗಿನ ಡಾಕ್ಟರದ್ದನ್ನು ಸಂದರ್ಭ ನೋಡಿ ಒಪ್ಪಬಹುದು, ಒಪ್ಪಲೇಬೇಕು ಅಂತಿಲ್ಲ. ಆದರೂ ಬಿಡಬೇಡಿ. ರಕ್ತ ಪರೀಕ್ಷೆಯ ರಿಪೋರ್ಟ್, ಔಷಧಿ ಚೀಟಿ, ಬಿಲ್ಲು ಎಲ್ಲ ತೆಗೆದುಕೊಂಡು ಈ ವಾರವೇ ನಿಮ್ಮ ಡಿಸ್ಪೆನ್ಸರಿಗೆ, ಆಮೇಲೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ. ಪ್ಲೇಟ್‌ಲೆಟ್ ಎಷ್ಟಿತ್ತು ಅಂತ ತಾರೀಖು ಸಮೇತ ತೋರಿಸುವ ರಿಪೋರ್ಟಿಗೆ ಬರೀ ಚೀಟಿಗಿಂತ ತೂಕ ಜಾಸ್ತಿ.

ನೈಟ್ ಶಿಫ್ಟಿನವರ ಕಷ್ಟ ನನಗೆ ಗೊತ್ತು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಏಳುವಷ್ಟರಲ್ಲಿ ಡಿಸ್ಪೆನ್ಸರಿ ಮುಚ್ಚಿರುತ್ತದೆ. ಸಂಜೆ ತೆರೆದಿರುವುದು ಬೀದಿಯ ಕ್ಲಿನಿಕ್ ಒಂದೇ. ಆದರೂ ಮುಂದಿನ ಸಲ ಜ್ವರ ಬಂದರೆ ಮೊದಲ ದಿನವೇ, ಮನೆಯವರನ್ನು ಜೊತೆಗೆ ಕರೆದುಕೊಂಡಾದರೂ ಡಿಸ್ಪೆನ್ಸರಿಗೇ ಹೋಗಿ. ಇನ್ನೊಂದು ವಿಷಯ. 11ನೇ ತಾರೀಖು ರಾತ್ರಿ ಡ್ಯೂಟಿಗೆ ಹೋಗಿ, ಜ್ವರ ಬಂದು ಮಧ್ಯರಾತ್ರಿ 3ಕ್ಕೆ ಹೊರಟರೆ ಕ್ಯಾಲೆಂಡರಿನಲ್ಲಿ 12ನೇ ತಾರೀಖು. ಆದರೆ ಹಾಜರಿ ಪುಸ್ತಕದಲ್ಲಿ ಅದು 11ರ ಶಿಫ್ಟೇ. ಸರ್ಟಿಫಿಕೇಟಿನ ತಾರೀಖು, ಹಾಜರಿಯ ತಾರೀಖು ಒಂದಕ್ಕೊಂದು ಕೂಡದೆ ಬಡವರ ದುಡ್ಡು ತಿಂಗಳುಗಟ್ಟಲೆ ನಿಂತಿದ್ದನ್ನು ಕಂಡಿದ್ದೇನೆ. ಡಾಕ್ಟರಿಗೆ ಶಿಫ್ಟ್ ಯಾವುದು ಅಂತ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಮಾರತಹಳ್ಳಿಯ ಕಾಲ್ ಸೆಂಟರಿನಲ್ಲಿದ್ದೇನೆ. ಸಂಬಳ 28,000, ಇಎಸ್‌ಐ ಇಲ್ಲ. ಕಾಯಿಲೆ ರಜೆ ಕೇಳಬಹುದೇ?
– ಒಬ್ಬ ಓದುಗಿ

ಉತ್ತರ: ಧಾರಾಳವಾಗಿ ಕೇಳಿ. ಇಎಸ್‌ಐ 21,000 ರೂಪಾಯಿ ಸಂಬಳದವರೆಗೆ ಮಾತ್ರ. ನಿಮಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅದರಲ್ಲಿದೆ. ಬಾಯಿಮಾತಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಬರೆದು ಕಳಿಸಿ.