ಮುಖವೇ ತೋರಿಸದೆ ಬೆಂಬಲ ಎಲ್ಲಿಂದ ಬರಬೇಕು?

"ಬೆಂಬಲವೇ ಇಲ್ಲದ ಅಭ್ಯರ್ಥಿಯನ್ನು ಟಿವಿ ಚರ್ಚೆಗೆ ಯಾಕೆ ಕರೆಯಬೇಕು" ಅಂತ ಕೇಳಿದ್ದೀರಿ. ಟಿವಿಯಲ್ಲಿ ಕಾಣದೆ ಬೆಂಬಲ ಬರುವುದಾದರೂ ಹೇಗೆ, ಹೇಳಿ? ಅಮೆರಿಕದ ರಾಸ್ ಪೆರೋ ಅವರನ್ನೇ ನೋಡಿ. 1992ರ ಅಧ್ಯಕ್ಷ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಮೂರೂ ಟಿವಿ ಚರ್ಚೆಗಳಲ್ಲಿ ದೊಡ್ಡ ಪಕ್ಷಗಳ ಅಭ್ಯರ್ಥಿಗಳಾದ ಬುಷ್, ಕ್ಲಿಂಟನ್ ಪಕ್ಕದಲ್ಲೇ ನಿಂತು ಮಾತಾಡಿದರು. ಸುಮಾರು ಶೇ. 19 ಮತ ಬಂತು. 1996ರಲ್ಲಿ ಗೆಲ್ಲುವ ಲಕ್ಷಣ ಇಲ್ಲ ಅಂತ ಚರ್ಚೆಗೇ ಕರೆಯಲಿಲ್ಲ. ಮತ ಶೇ. 8ರ ಆಸುಪಾಸಿಗೆ ಇಳಿಯಿತು. ಅದೊಂದೇ ಕಾರಣ ಅಂತಲ್ಲ ಬಿಡಿ. ಸ್ವಂತ ದುಡ್ಡಲ್ಲಿ ಅರ್ಧ ಗಂಟೆಯ ಜಾಹೀರಾತು ಹಾಕಿಸಿದ ಶ್ರೀಮಂತ ಅವರು. ಆ ಭಾಗ್ಯ ಎಲ್ಲರಿಗೂ ಇರಲ್ಲ ಅಲ್ವಾ?

2000ದ ಚುನಾವಣೆಯಿಂದ ಅಲ್ಲಿ ಚರ್ಚೆಗೆ ಬರಲು ಸಮೀಕ್ಷೆಗಳಲ್ಲಿ ಶೇ. 15 ಬೆಂಬಲ ಬೇಕು ಅಂತ ನಿಯಮ ಬಂತು. ಎಷ್ಟೋ ಸಮೀಕ್ಷೆಗಳ ಪ್ರಶ್ನೆಯಲ್ಲಿ ಇಂಥ ಸಣ್ಣ ಅಭ್ಯರ್ಥಿಗಳ ಹೆಸರೇ ಇರುವುದಿಲ್ಲ! ಇಪ್ಪತ್ತು ಜನ ನಿಂತಾಗ ಎಲ್ಲರಿಗೂ ಸಮ ಸಮಯ ಕಷ್ಟ, ಒಪ್ಪುತ್ತೇನೆ. ಒಂದು ಸಲವಾದರೂ ಐದು ನಿಮಿಷ ಕೊಡಲಿ, ಅದೂ ಜನ ಮಲಗಿದ ಮೇಲಲ್ಲ.